ಎಜೆಲಿನಾಳ ಕಡಸು, ಒಂದು ಬುಟ್ಟಿ ಮಾತ್ರೆ

ನಮ್ಮ ಚರ್ಚಿನ ಅಂಗಳದಲ್ಲಿ ಇಪ್ಪತ್ತೆರಡು ವರ್ಷದಿಂದ ಹರಾಜು ಕೂಗುತ್ತಿರುವವನು ನಾನೇ. ಕೋಳಿ, ಮೊಟ್ಟೆ, ಆಲೂಗಡ್ಡೆ ಮೂಟೆ, ಬಿದಿರು ಬುಟ್ಟಿ, ಒಂದು ಸಲ ಹೊಸ ರಬ್ಬರ್ ಬೂಟು. ದೇವರ ಮುಂದೆ ಕಾಣಿಕೆಯಾಗಿ ಬಂದದ್ದನ್ನೆಲ್ಲ ಆರಾಧನೆ ಮುಗಿದ ಮೇಲೆ ಹೊರಗೆ ತಂದು, ಮೂರು ಸಲ ಕೂಗಿ, ಹೆಚ್ಚು ಹೇಳಿದವರ ಕೈಗೆ ದಾಟಿಸುತ್ತೇನೆ. ಜೇಬಿನಲ್ಲಿ ಶಿಲ್ಲಿಂಗು ಇಲ್ಲದವರು ಮನೆಯಲ್ಲಿರುವ ವಸ್ತುವನ್ನೇ ಬೆಲೆಯಾಗಿ ಹೇಳಬಹುದು. ಅದು ಮುಂದಿನ ಭಾನುವಾರ ಹರಾಜಿಗೆ ಬರುತ್ತದೆ. ಕೊಂಡದ್ದನ್ನು ಅಲ್ಲೇ ನಿಂತವರಿಗೆ ಉಡುಗೊರೆ ಕೊಡುವುದೂ ಉಂಟು. ಒಂದೇ ಹುಂಜವನ್ನು ಐದು ಜನ ಕೊಂಡು ಒಬ್ಬರಿಗೊಬ್ಬರು ಕೊಟ್ಟುಕೊಂಡು, ಕೊನೆಗೆ ಅದು ತಂದವನ ಮನೆಗೇ ವಾಪಸ್ ಹೋದದ್ದನ್ನು ನಾನು ನೋಡಿದ್ದೇನೆ. ಶಾಲೆಯಲ್ಲಿ ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟ ಗಂಟಲು ನನ್ನದು. ನಿವೃತ್ತಿಯಾದರೂ ಅದು ಸುಮ್ಮನಿರುವುದಿಲ್ಲ.

ಇಷ್ಟು ವರ್ಷದಲ್ಲಿ ಕೂಗಬಾರದ್ದನ್ನು ಕೂಗಿದ್ದು ಒಂದೇ ಸಲ. ಅದು ಎಜೆಲಿನಾ ಚೌಲಾಳ ಕಥೆ. ಅದರಲ್ಲಿ ನನ್ನ ಪಾಲು ಹೆಮ್ಮೆಪಡುವಂಥದ್ದೇನಲ್ಲ. ಆದರೂ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಎಜೆಲಿನಾ ನಮ್ಮ ಚರ್ಚಿನ ಔಷಧಾಲಯದ ನರ್ಸು. ಡಾಕ್ಟರು ಇರುವ ಆಸ್ಪತ್ರೆಗೆ ಲಾರಿಯಲ್ಲಿ ಅರ್ಧ ದಿನದ ದಾರಿ. ಹಾಗಾಗಿ ನಮ್ಮ ಬೆಟ್ಟದಲ್ಲಿ ಕಾಯಿಲೆ ನೋಡುವವಳು, ಮದ್ದು ಕೊಡುವವಳು, ಹೆರಿಗೆ ಮಾಡಿಸುವವಳು, ಕೊನೆಗೆ ಬಾಗಿಲು ಗುಡಿಸುವವಳೂ ಅವಳೇ. ಗಿಡ್ಡ ಆಳು. ವರ್ಷವಿಡೀ ಅದೇ ಕಂದು ಸ್ವೆಟರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಗಡಿಯಾರ. ಗಂಡ ಸತ್ತು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮಾತು ಕಡಿಮೆ, ಆದರೆ ಆಡಿದ ಮಾತು ನೇರವಾಗಿ ಹೋಗಿ ತಾಗುತ್ತದೆ.

ಅವಳು ಬಂದ ಹೊಸತರಲ್ಲಿ ಔಷಧಾಲಯದ ಕಪಾಟು ತುಂಬಿ ತುಳುಕುತ್ತಿತ್ತು. ಸಮುದ್ರದಾಚೆಯ ಯಾವುದೋ ಸಭೆಯ ಧರ್ಮಾತ್ಮರು ತಮ್ಮ ಮನೆಗಳಲ್ಲಿ ಉಳಿದ ಔಷಧಿಯನ್ನೆಲ್ಲ ಪೆಟ್ಟಿಗೆಗೆ ತುಂಬಿ ಕಳಿಸಿದ್ದರು. ಅದರಲ್ಲಿ ಅವಧಿ ಮುಗಿದದ್ದೇ ಮುಕ್ಕಾಲು. ಮಿಕ್ಕದ್ದರ ಮೇಲೆ ಯಾರಿಗೂ ಓದಲಾಗದ ಅಕ್ಷರ. ಒಂದು ಇಡೀ ಪೆಟ್ಟಿಗೆ ತೂಕ ಇಳಿಸುವ ಮಾತ್ರೆ. ಸೌದೆ ಹೊರೆ ಹೊತ್ತು ಬೆಟ್ಟ ಹತ್ತುವ ನಮ್ಮ ಹೆಂಗಸರಿಗೆ ಇನ್ನೇನು ಇಳಿಸುವುದು? ಎಜೆಲಿನಾ ಬಿಷಪ್ಪರ ಕಚೇರಿಗೆ ಎರಡೇ ಸಾಲು ಬರೆದಳು: "ಇಲ್ಲಿ ತೆಳ್ಳಗಾಗಬೇಕು ಅಂತ ಯಾರೂ ಬಂದಿಲ್ಲ. ಕೆಮ್ಮು, ಭೇದಿ, ಮಲೇರಿಯಾ ಅಂತ ಬಂದಿದ್ದಾರೆ, ಅದಕ್ಕೆ ಏನಾದರೂ ಇದ್ದರೆ ಕಳಿಸಿ."

ಆಮೇಲೆ ನಮ್ಮ ಔಷಧಾಲಯವನ್ನು ಪೇಟೆಯ ಮಿಷನ್ ಉಗ್ರಾಣಕ್ಕೆ ಸೇರಿಸಿದರು. ದೀಕ್ಷಾಸ್ನಾನಕ್ಕೆ ಎಷ್ಟು ನೀರು ಬೇಕು ಅನ್ನುವುದರಲ್ಲಿ ಒಂದಾಗದ ಚರ್ಚುಗಳೆಲ್ಲ ಸೇರಿ ನಡೆಸುವ ಉಗ್ರಾಣ ಅದು. ಔಷಧಿಯನ್ನು ಒಟ್ಟಿಗೆ ಕೊಂಡು, ಅಸಲಿಯೋ ನಕಲಿಯೋ ಪರೀಕ್ಷೆ ಮಾಡಿಸಿ, ಬೆಟ್ಟದ ಊರುಗಳಿಗೆ ಮೂರು ತಿಂಗಳಿಗೊಮ್ಮೆ ಲಾರಿ ಕಳಿಸುತ್ತಾರೆ. ಏನು ಬೇಕು, ಎಷ್ಟು ಬೇಕು ಎಂದು ಮೊದಲೇ ಬರೆದು ಕೊಡಬೇಕು. ಹೆಚ್ಚು ಬರೆದರೆ ಕಪಾಟಿನಲ್ಲಿ ಕೊಳೆಯುತ್ತದೆ, ಕಡಿಮೆ ಬರೆದರೆ ಮಳೆಗಾಲದಲ್ಲಿ ರಸ್ತೆ ಕುಸಿದು ಕೈ ಖಾಲಿ. ಹೋದ ವರ್ಷ ಇದೇ ತಿಂಗಳು ಎಷ್ಟು ಕೆಮ್ಮು, ಎಷ್ಟು ಭೇದಿ ಎಂದು ನೋಡಿ ಅಂದಾಜು ಹಾಕಲು ಎಜೆಲಿನಾ ನನ್ನನ್ನು ಕರೆಯುತ್ತಿದ್ದಳು. ಕೂಡಿಸಿ ಭಾಗಿಸುವುದು ನಾನು, ಬೈಯುವುದು ಅವಳು.

ಮಾತ್ರೆ ಕಟ್ಟಿಕೊಡಲು ಕಾಗದದ ಲಕೋಟೆ ಬೇಕಲ್ಲ, ಅದಕ್ಕೆ ನನ್ನ ಶಾಲೆಯ ಹಳೆ ಪರೀಕ್ಷಾ ಹಾಳೆ ಕೊಡುತ್ತಿದ್ದೆ. ಜನ ಜ್ವರದ ಮಾತ್ರೆ ತಿನ್ನುತ್ತಾ ತಮ್ಮ ಮಕ್ಕಳ ಸೊನ್ನೆಗಳನ್ನೂ ಓದಿಕೊಳ್ಳುತ್ತಿದ್ದರು. ಮೊದಲು ಅವಳು ಲಕೋಟೆ ಮೇಲೆ ಎಲ್ಲ ಆಸ್ಪತ್ರೆಯವರಂತೆ "1 × 3" ಎಂದು ಬರೆಯುತ್ತಿದ್ದಳು, ಒಂದೊಂದು ಮಾತ್ರೆ ದಿನಕ್ಕೆ ಮೂರು ಸಲ ಎಂಬ ಅರ್ಥದಲ್ಲಿ. ನನ್ನ ಹಳೆ ಶಿಷ್ಯನೊಬ್ಬ ಅದನ್ನು ಗುಣಿಸಿ ಮೂರನ್ನೂ ಒಟ್ಟಿಗೆ ನುಂಗಿ ಬಂದ.

"ಮಾಸ್ತರೇ, ಜೀವಮಾನದಲ್ಲಿ ಒಂದೇ ಒಂದು ಲೆಕ್ಕ ಸರಿ ಮಾಡಿದಾನೆ ನಿಮ್ ಹುಡುಗ, ಅದೂ ನನ್ನ ಲಕೋಟೆ ಮೇಲೆ," ಅಂದಳು ಎಜೆಲಿನಾ. ಅವತ್ತಿನಿಂದ ಲಕೋಟೆ ಮೇಲೆ ಮೂಡುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ ಬರೆದು ಪಕ್ಕದಲ್ಲಿ ಮಾತ್ರೆಯ ಚಿತ್ರ ಹಾಕತೊಡಗಿದಳು.

ಅವಳ ದೊಡ್ಡ ಜಗಳ ಸೂಜಿಯದ್ದು. ನಮ್ಮವರಿಗೆ ಸೂಜಿ ಚುಚ್ಚದಿದ್ದರೆ ಕಾಯಿಲೆ ನೋಡಿದಂತೆಯೇ ಅಲ್ಲ. ಸೂಜಿ ಇಲ್ಲದಿದ್ದರೆ ಕನಿಷ್ಠ ಕೆಂಪು-ಹಳದಿ ಕ್ಯಾಪ್ಸೂಲಾದರೂ ಬೇಕು. ಇವಳು ಮೂಗು ಸೋರುವವನಿಗೆ ಬಿಸಿನೀರು ಕುಡಿ ಎಂದು ಕಳಿಸಿದರೆ ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ: "ಕಪಾಟು ತುಂಬ ಇಟ್ಕೊಂಡಿದಾಳೆ, ಕೈ ಬಿಚ್ಚಲ್ಲ." ಜನ ಸುಮ್ಮನಿರುತ್ತಾರೆಯೇ? ಸಂತೆಯಲ್ಲಿ ಬಿಡಿಬಿಡಿ ಮಾತ್ರೆ ಕೊಂಡರು. ಕೊಟ್ಟದ್ದರಲ್ಲಿ ಅರ್ಧ ತಿಂದು ಅರ್ಧ ತಗಡಿನ ಡಬ್ಬಿಯಲ್ಲಿ ಕೂಡಿಟ್ಟರು. ಸತ್ತವರ ಮಾತ್ರೆ ಬದುಕಿದವರಿಗೆ, ಅಜ್ಜಿಯದ್ದು ಮೊಮ್ಮಗಳಿಗೆ. ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಔಷಧಾಲಯ.

ಕಳೆದ ಜೂನಿನಲ್ಲಿ, ನಮ್ಮ ಬೆಟ್ಟದಲ್ಲಿ ಚಳಿಗೆ ಹಲ್ಲು ಕಟಕಟಿಸುವ ತಿಂಗಳಲ್ಲಿ, ಎಜೆಲಿನಾ ಆ ಡಬ್ಬಿಗಳ ಮೇಲೆ ಯುದ್ಧ ಸಾರಿದಳು. ಅದಕ್ಕೆ ಕಾರಣವಿತ್ತು. ಆ ವರ್ಷ ಮೂರ್ಛೆರೋಗದ ಮುದುಕನೊಬ್ಬ ತೀರಿಕೊಂಡಿದ್ದ, ಅವನ ಮನೆಯಲ್ಲಿ ಉಳಿದ ಮಾತ್ರೆಗಳು ಯಾರ ಡಬ್ಬಿಗೆ ಸೇರಿದವೋ ಗೊತ್ತಿರಲಿಲ್ಲ. ಬಿಳಿ, ಸಣ್ಣ ಮಾತ್ರೆ. ನೋಡಲು ಥೇಟ್ ಜ್ವರದ ಮಾತ್ರೆ. ಮಗುವಿಗೆ ಎರಡು ಕೊಟ್ಟರೆ ಮಲಗಿದ ಮಗು ಏಳುವುದಿಲ್ಲ. ಭಾನುವಾರ ಆರಾಧನೆಯ ಕೊನೆಯಲ್ಲಿ ಪ್ರಕಟಣೆಗಳ ಸಮಯಕ್ಕೆ ಅವಳು ಎದ್ದು ನಿಂತು ಹೇಳಿದಳು:

"ಮುಂದಿನ ವಾರ ನಿಮ್ ಮನೇಲಿರೋ ಹಳೆ ಮಾತ್ರೆ, ಕ್ಯಾಪ್ಸೂಲು, ಸೀಸೆ ಎಲ್ಲಾ ಚರ್ಚಿಗೆ ತನ್ನಿ. ಯಾರದ್ದು, ಯಾಕೆ ಇಟ್ಟಿದ್ರಿ ಅಂತ ಕೇಳಲ್ಲ. ತನ್ನಿ ಅಷ್ಟೆ."

ತಂದು ಎಲ್ಲಿಡಬೇಕು ಎಂದು ಹೇಳಲು ಮರೆತಳು. ತಪ್ಪಾದದ್ದು ಅಲ್ಲಿ.

ಆ ವಾರದ ಶುಕ್ರವಾರ ಒಬಾದಿಯಾ ತ್ವೇವೆ ತನ್ನ ಮೂರು ವರ್ಷದ ಮೊಮ್ಮಗ ಎಲಿಯಾನನ್ನು ಬೆನ್ನಿಗೆ ಕಟ್ಟಿಕೊಂಡು ಔಷಧಾಲಯಕ್ಕೆ ಬಂದ. ಒಬಾದಿಯಾ ಎಂದರೆ ನಮ್ಮ ಊರಿನ ದೊಡ್ಡ ಆಲೂಗಡ್ಡೆ ಬೆಳೆಗಾರ, ದೊಡ್ಡ ಗಂಟಲು, ಇನ್ನೂ ದೊಡ್ಡ ಮರ್ಯಾದೆ. ಲಕೋಟೆಗೆ ಹಾಳೆ ಕೊಡಲು ಹೋದ ನಾನು ಅಲ್ಲೇ ಇದ್ದೆ. ಮಗುವಿಗೆ ನೆಗಡಿ, ಕೆಮ್ಮು. ಎಜೆಲಿನಾ ಅವನ ಅಂಗಿ ಎತ್ತಿ, ಗಡಿಯಾರ ಹಿಡಿದು, ಒಂದು ಇಡೀ ನಿಮಿಷ ಮಗುವಿನ ಎದೆ ಏರಿಳಿಯುವುದನ್ನು ಎಣಿಸಿದಳು.

"ಮೂವತ್ತೆರಡು. ನಲವತ್ತು ದಾಟಿಲ್ಲ, ಚೆನ್ನಾಗೇ ಉಸಿರಾಡ್ತಿದಾನೆ ಅಜ್ಜಾ. ಬರೀ ನೆಗಡಿ. ಬಿಸಿಬಿಸಿ ಕುಡಿಸಿ, ಬೆಚ್ಚಗಿಡಿ. ಉಸಿರು ಜೋರಾದ್ರೆ, ಪಕ್ಕೆ ಒಳಗೆ ಎಳೆದ್ರೆ, ಹೊತ್ತು ನೋಡ್ಬೇಡಿ, ಬನ್ನಿ."

"ಎರಡು ಮೈಲಿ ನಡ್ಕೊಂಡು ಬಂದಿದೀನಮ್ಮಾ, ಬಿಸಿನೀರು ನಮ್ ಮನೇಲೂ ಇದೆ," ಅಂದ ಒಬಾದಿಯಾ. "ಒಂದು ಸೂಜಿ ಹಾಕು."

"ಸೂಜಿಗೆ ಇಲ್ಲಿ ಕೆಲಸ ಇಲ್ಲ ಅಜ್ಜಾ."

"ಕ್ಯಾಪ್ಸೂಲು?"

"ಅದಕ್ಕೂ ಇಲ್ಲ."

ಬೆಂಚಿನ ಮೇಲೆ ಕೂತಿದ್ದ ಆರೇಳು ಹೆಂಗಸರು ಕಿಸಕ್ಕೆಂದರು. ಒಬಾದಿಯಾ ಮುಖ ಕೆಂಡ ಮಾಡಿಕೊಂಡು ಎದ್ದು ಹೋದ.

ಭಾನುವಾರ ಬಂತು. ಎಜೆಲಿನಾ ಬರಲಿಲ್ಲ, ಬೆಳಿಗ್ಗೆಯೇ ಆಚೆ ಗುಡ್ಡದಲ್ಲಿ ಹೆರಿಗೆಗೆ ಕರೆ ಬಂದಿತ್ತು. ಜನ ಮಾತ್ರ ಮಾತು ಉಳಿಸಿಕೊಂಡರು. ನಮ್ಮಲ್ಲಿ ಚರ್ಚಿಗೆ ಏನು ತಂದರೂ ಅದು ಹೋಗುವ ಜಾಗ ಒಂದೇ. ಕಾಣಿಕೆಯ ಹಾಡು ಶುರುವಾದದ್ದೇ ತಡ, ಒಬ್ಬೊಬ್ಬರೂ ಕುಣಿಯುತ್ತಾ ಮುಂದೆ ಬಂದು, ಬಲಿಪೀಠದ ಮುಂದಿನ ಬುಟ್ಟಿಯಲ್ಲಿ ಪೊಟ್ಟಣ, ಸೀಸೆ, ಗಂಟು ಇಟ್ಟು ಹೋದರು. ಬುಟ್ಟಿ ತುಂಬಿತು. ನಮ್ಮ ಹೊಸ ಸಭಾಪಾಲಕರು, ಅಂದರೆ ಪಾದ್ರಿಗಳು, ಎಳೆಯ ಪ್ರಾಯದವರು. ಕಣ್ಣು ಮುಚ್ಚಿ ಕೈ ಚಾಚಿ ಆಲೂಗಡ್ಡೆಯ ಜೊತೆಗೇ ಅದನ್ನೂ ಆಶೀರ್ವದಿಸಿಬಿಟ್ಟರು.

ಇಲ್ಲಿ ನಮ್ಮ ಸಭೆಯ ಒಂದು ಕಟ್ಟಳೆ ಹೇಳಬೇಕು. ಹಿಂದೊಮ್ಮೆ ಒಬ್ಬ ಟಗರು ಅರ್ಪಿಸಿ, ಹಿರಿಯರ ಜೊತೆ ಜಗಳವಾಡಿ, ಅದನ್ನು ಹಗ್ಗ ಹಿಡಿದು ವಾಪಸ್ ಎಳೆದುಕೊಂಡು ಹೋಗಿದ್ದ. ಆಮೇಲೆ ನಿಯಮ ಮಾಡಿದೆವು: ದೇವರ ಮುಂದೆ ಇಟ್ಟದ್ದು ಹರಾಜಿನ ಮೂಲಕವೇ ಹೊರಗೆ ಹೋಗಬೇಕು, ಬೇರೆ ದಾರಿಯಿಲ್ಲ. ಆ ನಿಯಮವನ್ನು ಚಂದದ ಅಕ್ಷರದಲ್ಲಿ ಬರೆದವನು ಯಾರು ಎಂದು ಕೇಳಬೇಡಿ.

ಹಾಗಾಗಿ ಕೋಳಿ, ಎಲೆಕೋಸು ಮುಗಿದ ಮೇಲೆ ನಾನು ಬುಟ್ಟಿ ಎತ್ತಿದೆ. ಒಳಗೊಳಗೆ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು. ಆದರೆ ಹರಾಜಿನವನಿಗೆ ಮುಂದೆ ನೂರು ಜನ ನಿಂತರೆ ಬುದ್ಧಿಗಿಂತ ನಾಲಿಗೆ ಮುಂದೆ ಓಡುತ್ತದೆ. "ಬನ್ನಿ ಬನ್ನಿ, ಕೆಂಪು, ಹಳದಿ, ಬಿಳಿ! ತಲೆನೋವಿನಿಂದ ಕಾಲುನೋವಿನವರೆಗೆ ಒಂದೇ ಬುಟ್ಟೀಲಿ!" ಎಂದು ಕೂಗಿಯೇಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜನ ಮುಗಿಬಿದ್ದರು. ತಾವೇ ತಂದಿಟ್ಟ ಹಿಡಿಯಷ್ಟಕ್ಕೆ ಬದಲಾಗಿ ಊರಿನದ್ದೆಲ್ಲ ಒಟ್ಟಿಗೆ ಸಿಗುವಾಗ ಯಾರು ಬಿಡುತ್ತಾರೆ? ಬೆಲೆ ಸಾವಿರ ಶಿಲ್ಲಿಂಗಿನಿಂದ ಐದು ಸಾವಿರಕ್ಕೆ, ಹತ್ತು ಸಾವಿರಕ್ಕೆ, ಅಂದರೆ ಒಂದು ಕೋಳಿಯ ಬೆಲೆಗೆ, ಏರಿತು. ಹಿಂದಿನಿಂದ ಒಬಾದಿಯಾನ ಗಂಟಲು ಗುಡುಗಿತು.

"ಇಪ್ಪತ್ತು ಸಾವಿರ. ಅವಳು ಕೊಡಲ್ಲ ಅಂದಳು, ದೇವರು ಕೊಡ್ತಾನೆ."

ಎಲ್ಲರೂ ನಕ್ಕರು. ಅದರ ಮೇಲೆ ಯಾರೂ ಹೋಗಲಿಲ್ಲ. ನಾನು "ಒಂದು" ಎಂದೆ. "ಎರಡು" ಎಂದೆ. ಅಷ್ಟರಲ್ಲಿ ಬೇಲಿಯ ಕಡೆಯಿಂದ ಎಜೆಲಿನಾ ಓಡಿಬಂದಳು. ಸ್ವೆಟರಿನ ತೋಳು ಮೇಲಕ್ಕೆ ಮಡಚಿತ್ತು, ಕಾಲು ಮೊಣಕಾಲಿನವರೆಗೂ ಕೆಸರು.

"ಮಾಸ್ತರೇ, ಏನ್ ಮಾಡ್ತಿದೀರಿ?"

ಬುಟ್ಟಿ ನನ್ನ ತಲೆಯ ಮೇಲಿತ್ತು. 

"ಅದನ್ನ ನಾಶ ಮಾಡೋಕೆ ತರಿಸಿದ್ದು ನಾನು. ಅದ್ರಲ್ಲಿ ಮೂರ್ಛೆರೋಗದ ಮಾತ್ರೆ ಇದೆ. ಯಾವುದು ಅಂತ ನಿಮಗ್ಯಾರಿಗೂ ಗೊತ್ತಾಗಲ್ಲ. ಇಳಿಸಿ ಕೆಳಗೆ."

"ಪ್ರಾರ್ಥನೆ ಆಗಿದೆಯಲ್ಲಮ್ಮಾ," ಅಂದರು ಹಿರಿಯರಲ್ಲೊಬ್ಬರು. "ವಿಷ ಇದ್ರೂ ಇಳಿದಿರುತ್ತೆ."

"ಹಾಗಾದ್ರೆ ನೀವೇ ಒಂದು ಹಿಡಿ ನುಂಗಿ ತೋರಿಸಿ."

ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಸಭಾಪಾಲಕರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಕಟ್ಟಳೆ ಕಟ್ಟಳೆಯೇ ಎಂದು ಹಿರಿಯರ ಸಾಲು ಗೊಣಗಿತು. ಟಗರಿನವನು ಕೂಡ ಅಲ್ಲೇ ನಿಂತಿದ್ದ. ಇವತ್ತು ಸಡಿಲ ಮಾಡಿದರೆ ನಾಳೆ ಅವನು ತನ್ನ ಹಳೆಯ ಜಗಳ ಎತ್ತುತ್ತಾನೆ. ಒಬಾದಿಯಾ ಕೈಕಟ್ಟಿ ನಿಂತು, "ಮೂರನೇದು ಕೂಗು ಮಾಸ್ತರಾ, ನನಗೆ ಮನೇಲಿ ಕೆಲಸ ಇದೆ," ಅಂದ.

ಎಜೆಲಿನಾ ಸುತ್ತ ಒಮ್ಮೆ ನೋಡಿದಳು. ಬೇಡುವುದರಿಂದ ಆಗುವ ಕೆಲಸವಲ್ಲ, ದುಡ್ಡು ಏರಿಸಿದರೆ ಒಬಾದಿಯಾ ಇನ್ನೂ ಏರಿಸುತ್ತಾನೆ ಎಂದು ಅವಳಿಗೆ ತಿಳಿಯಿತು. ನೇರ ನಿಂತು ಹೇಳಿದಳು:

"ನನ್ನ ಕಡಸು."

ಆ ಕಡಸು ಎಂಥದ್ದೆಂದು ಎಲ್ಲರಿಗೂ ಗೊತ್ತು. ಮುಂದಿನ ವರ್ಷ ಅವಳ ನೌಕರಿ ಮುಗಿಯುತ್ತದೆ, ಔಷಧಾಲಯದ ಕೋಣೆ ಬಿಡಬೇಕು. ತನ್ನದೊಂದು ಮನೆಗೆ ಗೋಡೆ ಎಬ್ಬಿಸಿದ್ದಳು, ತಲೆಯ ಮೇಲೆ ಚಾವಣಿ ಇರಲಿಲ್ಲ. ಕಡಸು ಮಾರಿದರೆ ತಗಡು. ಎರಡು ವರ್ಷದಿಂದ ಬೆಳಗಾಗೆದ್ದು ಅದಕ್ಕೆ ಹುಲ್ಲು ಕೊಯ್ದು ಹಾಕುತ್ತಿದ್ದವಳು ಅವಳು.

"ಹುಚ್ಚಾ ನಿಂಗೆ?" ಅಂದೆ ಮೆಲ್ಲಗೆ.

"ಕೂಗಿ ಮಾಸ್ತರೇ."

ಬುಟ್ಟಿ ಮಾತ್ರೆಗೆ ಕಡಸಿನ ಮೇಲೆ ಒಬಾದಿಯಾ ಇನ್ನೇನು ಹೇಳಿಯಾನು? ನಾನು ಮೂರು ಸಲ ಕೂಗಿದೆ. 

ಬುಟ್ಟಿ ಅವಳ ಕೈಗೆ ಬಂದದ್ದೇ ಒಬಾದಿಯಾ ಸಿಡಿದ. "ತಗೋ, ನೀನೇ ಇಟ್ಕೋ ಎಲ್ಲಾನೂ. ಅಲ್ಲಿ ನನ್ನ ಮೊಮ್ಮಗ ರಾತ್ರಿಯಿಂದ ಕಮ್ಮಾರನ ತಿದಿ ಥರ ಉಸಿರು ಬಿಡ್ತಿದಾನೆ. ಈ ಬುಟ್ಟೀಲಿ ಒಂದೆರಡು ಕೊಟ್ರೆ ಸರಿಹೋಗ್ತಿದ್ದ."

ಎಜೆಲಿನಾ ಬುಟ್ಟಿಯನ್ನು ನನ್ನ ಎದೆಗೆ ಒತ್ತಿದಳು. "ರಾತ್ರಿಯಿಂದ? ಉಸಿರು ಜೋರಾದ್ರೆ ಬನ್ನಿ ಅಂದಿರ್ಲಿಲ್ವಾ ಅಜ್ಜಾ?"

"ಮತ್ತೆ ಎಲ್ಲರ ಮುಂದೆ ಇಲ್ಲ ಅನ್ನಿಸ್ಕೊಳ್ಳೋಕಾ?"

ಅವಳು ಔಷಧಾಲಯದ ಬೀಗ ತೆಗೆದು, ಚೀಲ ಎತ್ತಿಕೊಂಡು, ಒಬಾದಿಯಾನ ಮನೆಯ ಏರು ಹತ್ತತೊಡಗಿದಳು. ಹಿಂದೆ ಒಬಾದಿಯಾ, ಅವನ ಹಿಂದೆ ಬುಟ್ಟಿ ಹೊತ್ತ ನಾನು. ಕೆಳಗಿಟ್ಟರೆ ಯಾರಾದರೂ ಕೈ ಹಾಕುತ್ತಾರೆಂಬ ಭಯಕ್ಕೆ ಎರಡು ಮೈಲಿ ಅದನ್ನು ಹೊತ್ತೆ. ನನ್ನ ಪಾಪಕ್ಕೆ ಅಷ್ಟಾದರೂ ಆಗಬೇಕಿತ್ತು.

ಒಲೆಯ ಪಕ್ಕ ಅಜ್ಜಿಯ ಮಡಿಲಲ್ಲಿ ಎಲಿಯಾ ಬಿದ್ದಿದ್ದ. ಎಜೆಲಿನಾ ಮಂಡಿಯೂರಿ, ಗಡಿಯಾರ ಹಿಡಿದು, ಎಣಿಸಿದಳು. ನಿಮಿಷ ಮುಗಿಯುವುದೇ ಇಲ್ಲವೇನೋ ಎನ್ನಿಸಿತು.

"ನಲವತ್ತೆಂಟು," ಅಂದಳು. ಇನ್ನೊಮ್ಮೆ ಎಣಿಸಿದಳು. "ನಲವತ್ತೆಂಟೇ. ಪಕ್ಕೆ ಇನ್ನೂ ಒಳಗೆ ಎಳೀತಿಲ್ಲ. ನೀರು ಕುಡೀತಾನಾ?"

"ಕುಡೀತಾನೆ," ಅಂದಳು ಅಜ್ಜಿ.

ಎಜೆಲಿನಾ ಚೀಲದಿಂದ ಒಂದು ಪಟ್ಟಿ ಮಾತ್ರೆ ತೆಗೆದಳು. ಎರಡು ಮಾತ್ರೆಯನ್ನು ಚಮಚದಲ್ಲಿ ನೀರು ಹಾಕಿ ಕರಗಿಸಿ, ಮಗುವಿನ ಬಾಯಿಗೆ ಹಿಡಿದಳು. ಒಬಾದಿಯಾ ಬಗ್ಗಿ ನೋಡಿದ.

"ಇದೇನು?"

"ಶುಕ್ರವಾರ ನೀವು ಕ್ಯಾಪ್ಸೂಲು ಕೇಳಿದ್ರಲ್ಲ, ಅದರೊಳಗಿನ ಔಷಧಿಯೇ. ಮಕ್ಕಳಿಗೆ ಮಾಡಿದ್ದು."

"ಅವತ್ತು ಇಲ್ಲ ಅಂದೆ."

"ಅವತ್ತು ಮೂವತ್ತೆರಡು ಇತ್ತು ಅಜ್ಜಾ. ಇವತ್ತು ನಲವತ್ತೆಂಟು. ನೆಗಡಿ ಎದೆಗೆ ಇಳಿದಿದೆ." ಅವಳು ಮಗುವಿನ ಬಾಯಿ ಒರೆಸಿದಳು. "ಲಾರಿ ಬಂದು ಎರಡು ತಿಂಗಳಾಯ್ತು. ಕೇಳಿದವರಿಗೆಲ್ಲ ಕೊಟ್ಟಿದ್ರೆ ಇವತ್ತು ನನ್ನ ಚೀಲದಲ್ಲಿ ಏನೂ ಇರ್ತಿರ್ಲಿಲ್ಲ."

ಒಬಾದಿಯಾ ಒಲೆಯ ಕಡೆ ತಿರುಗಿ ಕೂತ. ಉರಿಗೆ ಇನ್ನೆರಡು ಕೊಳ್ಳಿ ತಳ್ಳಿದ.

ಅವಳು ಲಕೋಟೆ ಮೇಲೆ ಮೂಡುವ ಸೂರ್ಯ, ಮುಳುಗುವ ಸೂರ್ಯ ಬರೆದು, ಐದು ದಿನ ಎಂದು ಐದು ಗೆರೆ ಎಳೆದಳು. "ಮಗು ಎದ್ದು ಓಡಾಡಿದ್ರೂ ಐದು ದಿನ ಪೂರ್ತಿ. ಉಳಿಸಿ ಡಬ್ಬೀಲಿ ಇಟ್ರೆ ನಾನೇ ಬಂದು ಡಬ್ಬಿ ಒಡೀತೀನಿ." ಸಂಜೆಯವರೆಗೂ ಅಲ್ಲೇ ಕೂತಳು. ಮರುದಿನವೂ ಏರು ಹತ್ತಿ ಬಂದು ಎಣಿಸಿದಳು. ಮೂರನೆಯ ದಿನ ಮೂವತ್ತನಾಲ್ಕಕ್ಕೆ ಇಳಿದಿತ್ತು, ಎಲಿಯಾ ಆಲೂಗಡ್ಡೆ ಕೇಳಿದನಂತೆ.

ಬುಧವಾರ ಔಷಧಾಲಯದ ಹಿಂದೆ ಆ ಬುಟ್ಟಿಯ ಕೆಲಸ ನಡೆಯಿತು. ಎಜೆಲಿನಾ ಒರಳಿಗೆ ಮಾತ್ರೆ ಸುರಿದು ಒನಕೆಯಲ್ಲಿ ಕುಟ್ಟಿದಳು. ಆ ಪುಡಿಗೆ ಚರ್ಚಿನ ಮೆಟ್ಟಿಲು ಕಟ್ಟಿ ಉಳಿದ ಸಿಮೆಂಟು, ಬೂದಿ, ನೀರು ಸೇರಿಸಿ ಗುಂಡಿಗೆ ಹಾಕಿ ಮುಚ್ಚಬೇಕು. ನೋಡಲು ಅರ್ಧ ಊರೇ ಬಂದಿತ್ತು. ಹದಿನೆಂಟು ವರ್ಷ ಅವಳು ಬಾಯಿ ನೋಯುವಷ್ಟು ಹೇಳಿದ್ದನ್ನು ಈ ಜನ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದರು. ಈಗ ಒಂದು ಕಡಸಿನ ಬೆಲೆ ಪುಡಿಯಾಗುವುದನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು.

"ಅಷ್ಟು ಬೆಲೆ ಕೊಟ್ಟು ಗುಂಡಿಗೆ ಹಾಕ್ತಾಳೆ ಅಂದ್ರೆ," ಅಂದಳು ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ, "ಅದ್ರಲ್ಲಿ ನಿಜವಾಗ್ಲೂ ಏನೋ ಇರ್ಬೇಕು ಕಣೇ." ಆಮೇಲೆ ಅವಳೇ ಇನ್ನೊಂದು ಒನಕೆ ಹಿಡಿದಳು.

ಮುಂದಿನ ಭಾನುವಾರ ಎಜೆಲಿನಾ ಕಡಸನ್ನು ತೊಳೆದು, ಹಗ್ಗ ಹಿಡಿದು ಅಂಗಳಕ್ಕೆ ತಂದಳು. ಬೇಡ ಎಂದು ಸಭಾಪಾಲಕರೇ ಹೇಳಿ ನೋಡಿದ್ದರು. "ಹೇಳಿದ ಬೆಲೆ ಹೇಳಿದ್ದೇ," ಅಂದಿದ್ದಳು. ಮುಖದಲ್ಲಿ ಏನೂ ತೋರಿಸಲಿಲ್ಲ, ಆದರೆ ಹಗ್ಗವನ್ನು ನನ್ನ ಕೈಗೆ ಕೊಡುವಾಗ ಬೆರಳು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆದರೂ ಕೂಗಬೇಕಿತ್ತು, ಕೂಗಿದೆ.

ಯಾರೂ ಬೆಲೆ ಹೇಳಲಿಲ್ಲ. ಎಲೆಕೋಸಿಗೆ ಹೊಡೆದಾಡುವ ಜನ ತಮ್ಮ ತಮ್ಮ ಪಾದ ನೋಡುತ್ತಾ ನಿಂತರು. ಪಕ್ಕದ ಊರಿನ ಒಬ್ಬ ದನದ ವ್ಯಾಪಾರಿಗೆ ವಿಷಯ ಗೊತ್ತಿರಲಿಲ್ಲ. ಅವನು ಕೈ ಎತ್ತಲು ಹೊರಟ. ಅವನ ಪಕ್ಕದಲ್ಲಿದ್ದ ಒಬಾದಿಯಾ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಹಾಗೇ ಹಿಡಿದುಕೊಂಡ. ಇನ್ನೊಂದು ಕೈಯಿಂದ ಕೋಟಿನ ಜೇಬಿನೊಳಗೆ ಹುಡುಕಿ ಏನೋ ತೆಗೆದು ಎತ್ತಿ ಹಿಡಿದ.

"ಒಂದು ಮೊಟ್ಟೆ," ಅಂದ.

ಎಜೆಲಿನಾ ತಲೆಯೆತ್ತಿದಳು. ಅವಳು ಬಾಯಿ ತೆರೆಯುವುದು ನನಗೆ ಕಾಣಿಸಿತು. ಅದು ನ್ಯಾಯವಲ್ಲ, ದೇವರ ಪಾಲು ಹೋಗುತ್ತದೆ ಎಂದು ಅವಳು ಹೇಳುತ್ತಾಳೆಂದು ನನಗೆ ಗೊತ್ತು. ಒಂದು ಕೋಳಿಗೆ ಕಾಲು ಗಂಟೆ ಎಳೆಯುವವನು ನಾನು. ಅವತ್ತು "ಒಂದು, ಎರಡು, ಮೂರು" ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟೆ.

ಒಬಾದಿಯಾ ಮೊಟ್ಟೆಯನ್ನು ಸಭಾಪಾಲಕರ ಅಂಗೈಯಲ್ಲಿಟ್ಟ. ಹಗ್ಗವನ್ನು ನನ್ನಿಂದ ಇಸಿದುಕೊಂಡು ಹೋಗಿ ಎಜೆಲಿನಾಳ ಕೈಗೆ ಕೊಟ್ಟ. "ಕೊಂಡಿದ್ದು ನಾನು, ಉಡುಗೊರೆ ಕೊಡ್ತಿರೋದೂ ನಾನು. ಎಲ್ಲರ ಮುಂದೆ ಇಲ್ಲ ಅನ್ಬೇಡ, ಈ ಸಲ ತಡ್ಕೊಳ್ಳಲ್ಲ ನಾನು." ಆಮೇಲೆ ಕೋಟಿನ ಇನ್ನೊಂದು ಜೇಬಿನಿಂದ ತುಕ್ಕು ಹಿಡಿದ ಟೀಪುಡಿ ಡಬ್ಬಿ ತೆಗೆದ. ಅಲ್ಲಾಡಿಸಿದರೆ ಗಲಗಲ ಅಂದಿತು. "ಹೋದ ವಾರ ಇದನ್ನ ತಂದಿರ್ಲಿಲ್ಲ, ಒಲೆ ಮೇಲಿನ ಗೂಡಲ್ಲಿತ್ತು," ಅಂದ.

ಎಜೆಲಿನಾ ಮುಚ್ಚಳ ತೆಗೆದು ನೋಡಿದಳು. ಬಣ್ಣ ಮಾಸಿದ ಹಳೆ ಮಾತ್ರೆಗಳ ನಡುವೆ, ಸತ್ತುಹೋದ ಆ ಮೂರ್ಛೆರೋಗದ ಮುದುಕನ ಹೆಸರು ಬರೆದ ಒಂದು ಲಕೋಟೆ, ಅದರೊಳಗೆ ಸಣ್ಣ ಬಿಳಿ ಮಾತ್ರೆಗಳು. ಅವಳು ಊರೆಲ್ಲ ಹುಡುಕುತ್ತಿದ್ದದ್ದು ಅವನ್ನೇ. ಅವು ಆ ಬುಟ್ಟಿಯಲ್ಲಿ ಇರಲೇ ಇಲ್ಲ, ಎಲಿಯಾ ಮಲಗಿದ್ದ ಒಲೆಯ ಮೇಲಿನ ಗೂಡಿನಲ್ಲಿದ್ದವು.

ಅವಳು ಡಬ್ಬಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡಳು. ಕಡಸಿನ ಕುತ್ತಿಗೆಗೆ ಮುಖ ಒತ್ತಿ, ಜನರೆಲ್ಲ ನೋಡುತ್ತಿರುವಂತೆಯೇ ಅತ್ತಳು. ನಾನು ಮುಂದಿನ ಆಲೂಗಡ್ಡೆ ಮೂಟೆ ಎತ್ತಿ ಕೂಗಲು ಶುರುಮಾಡಿದೆ.